ಸಿದ್ದಿ ಮಹಿಳಾ ಸಂಘದ ಕೌದಿ: ಹೊಲಿಸಿಕೊಂಡವರ ಅಭಿಪ್ರಾಯ

ಹಳೆಯ ಹತ್ತಿ ಸೀರೆಗಳನ್ನು ಕೊಟ್ಟು ಕೌದಿ ಹೊಲಿಸಿಕೊಳ್ಳಬೇಕೆನ್ನುವ ಶಿರಸಿ ಪೇಟೆಯವರಿಗೆ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರ ಸ್ವಸಹಾಯ ಸಂಘವೊಂದನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಆದರೆ ಮಳೆಗಾಲಕ್ಕೆ ಹೊದಿಕೆ ಬೇಕಿದ್ದರೆ ಬಟ್ಟೆಯನ್ನು ಚಳಿಗಾಲದಲ್ಲೇ ತಲುಪಿಸುವುದು ಒಳ್ಳೆಯದು. ಗದ್ದೆ, ತೋಟದ ಕೂಲಿ ಮುಗಿಸಿ ಬಂದು ಹೊಲಿಯುವವರಾದ್ದರಿಂದ ಹೇಳಿದ ವಾಯಿದೆಗೆ ನಮ್ಮ ಕೌದಿ ಕೈಸೇರಲಿಲ್ಲ, ತಡವಾಗುತ್ತದೆಂಬ ಸುದ್ದಿಯೂ ನಾವೇ ವಿಚಾರಿಸಿದ ಮೇಲೆ ತಿಳಿಯಿತು.

ಹೊಲಿಗೆಯ ವಿಷಯದಲ್ಲಿ ಎರಡು ಮಾತಿಲ್ಲ. ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ ನಡುಭಾಗಕ್ಕೆ ಸಾಗುವ ಕೈಹೊಲಿಗೆಯ ಸಾಲುಗಳು ಬೆರಳಗಲದ ಅಂತರವನ್ನೂ ಬಿಟ್ಟಿಲ್ಲ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುವ ‘ಫುಲ’ ಬೀಳುವ ತನಕ ಅವರ ಲೆಕ್ಕದಲ್ಲಿ ಕೌದಿ ಮುಗಿದಂತಲ್ಲ. ಅತ್ತೆಯವರ ಇಳಕಲ್ ಸೀರೆಯ ಸೆರಗನ್ನು, ನಾವು ಹೇಳದಿದ್ದರೂ, ಕತ್ತರಿಸಿ ಚೂರು ಮಾಡದೆ ನಟ್ಟನಡುವೆ ಇಟ್ಟಿದ್ದಾರೆ. ನೆನೆದರೆ ಹಿಂಡಲು ಇಬ್ಬರು ಬೇಕಾಗುವಷ್ಟು ಭಾರ, ಅದೊಂದು ತೊಂದರೆ.

ಮಜೂರಿ ದುಬಾರಿಯೆಂದು ಕೆಲವರು ಗೊಣಗುವುದುಂಟು. ಒಬ್ಬೊಬ್ಬರನ್ನೇ ಮನೆಬಾಗಿಲಿಗೆ ಕರೆಸಿ ಬಾಯಿಗೆ ಬಂದ ದರಕ್ಕೆ ಕೆಲಸ ಮಾಡಿಸಿಕೊಂಡ ಪೇಟೆಗೆ ಹಾಗೆನಿಸುವುದು ಸಹಜವೇ. ಈಗ ದರವನ್ನು ಸಂಘದ ಸಭೆ ನಿರ್ಧರಿಸುತ್ತದೆ, ಚೌಕಾಸಿಗೆ ಆಸ್ಪದವಿಲ್ಲ. ಹೊಲಿದವಳ ಪಾಲು ಹೋಗಿ ಉಳಿದದ್ದು ಉಳಿತಾಯಕ್ಕೆ ಸೇರುತ್ತದೆ, ಮಕ್ಕಳ ಶಾಲೆಗೋ ಆಸ್ಪತ್ರೆಗೋ ಬೇಕಾದಾಗ ಸದಸ್ಯೆಯರು ಅದರಿಂದಲೇ ಸಾಲ ಪಡೆಯುತ್ತಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸರಕಾರದ ಸವಲತ್ತು ಒಂದು ಬಗೆಯಾದರೆ, ಪೇಟೆಯವರೊಡನೆ ಸರಿಸಮನಾಗಿ ಕುಳಿತು ದರ ಹೇಳುವ ಧೈರ್ಯ ಇನ್ನೊಂದು ಬಗೆ, ಅದು ಸಂಘದಿಂದ ಬಂದದ್ದು.

ನನ್ನ ದೊಡ್ಡ ತಕರಾರು ಸಂಘದ ಮೇಲಲ್ಲ, ಪೇಟೆಯ ಮೇಲೆ. ಇವರಿಗೆ ಇಲ್ಲಿ ಖಾಯಂ ಜಾಗವಿಲ್ಲ. ಕೌದಿ ನೋಡಿ ಆರಿಸಬೇಕೆಂದರೆ ಯಾವುದಾದರೂ ಮೇಳಕ್ಕೆ ಕಾಯಬೇಕು, ಇಲ್ಲವೇ ಪರಿಚಯದವರನ್ನು ಹಿಡಿಯಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಬೀದಿ ವ್ಯಾಪಾರದ ಜಾಗಗಳ ವಿಷಯದಲ್ಲಿ ಮಾತಿರುವ ಪಟ್ಟಣ ವ್ಯಾಪಾರ ಸಮಿತಿಯ ವ್ಯಾಪಾರಿ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು, ಪರಿಶಿಷ್ಟ ಪಂಗಡಕ್ಕೂ ತಕ್ಕ ಪ್ರಾತಿನಿಧ್ಯ ಸಿಗಬೇಕು. ಸಂಘಗಳು ಆ ದಾರಿಯಲ್ಲಿ ಸಂತೆಮಾಳದ ಒಂದು ಮೂಲೆಯನ್ನು ಕೇಳಿ ಪಡೆದರೆ ಗಿರಾಕಿಗಳ ಕೊರತೆಯಂತೂ ಆಗಲಾರದು. ಅಲ್ಲಿಯವರೆಗೆ ಸೀರೆಗಳನ್ನು ಒಗೆದು ಒಣಗಿಸಿ, ಪಾಲಿಯೆಸ್ಟರ್ ಬೆರೆತದ್ದನ್ನು ತೆಗೆದಿಟ್ಟು ಕೊಡಿ. ಕೊಟ್ಟ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.