ಬೇರಿನಲ್ಲಿ ಗಂಟು ಕಂಡು ಮೈಕೊರೈಜಾ ಹಿಡಿಯಿತೆಂದು ಹಿಗ್ಗಬೇಡಿ

ಮೈಕೊರೈಜಾ, ಅಂದರೆ ಬೇರಿನೊಳಗೆ ಬದುಕಿ ಗಿಡಕ್ಕೆ ರಂಜಕ ಒದಗಿಸುವ ಶಿಲೀಂಧ್ರ, ಸಿಗಲೆಂದು ಕಾಡುಹುಲ್ಲಿನ ಬುಡದ ಮಣ್ಣನ್ನು ಅಗೆದು ತಂದು ನೇರವಾಗಿ ಟೊಮೆಟೊ ಸಸಿಮಡಿಗೆ ಬೆರೆಸಬೇಡಿ. ಹಾಗೆ ಬೆರೆಸಿದ ಒಂದು ಮಡಿಯಲ್ಲಿ ನಾಲ್ಕನೇ ವಾರಕ್ಕೆ ಸಸಿಗಳು ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳತೊಡಗಿದವು. ಕಿತ್ತು ನೋಡಿದರೆ ಬೇರಿನ ತುಂಬ ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳು. ಶಿಲೀಂಧ್ರ ಚೆನ್ನಾಗಿ ಹಿಡಿದಿದೆ ಎಂದುಕೊಂಡು ಅದೇ ಸಸಿಗಳನ್ನು ಹೊಲಕ್ಕೆ ನಾಟಿ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅವು ಬೇರುಗಂಟು ಜಂತುಹುಳುವಿನ (ಬೇರು ಹೊಕ್ಕು ಕಾಡುವ ಸೂಕ್ಷ್ಮ ಹುಳು, ನೆಮಟೋಡ್) ಗಂಟುಗಳು. ಸಸಿಯ ಜೊತೆಗೆ ಹುಳುವೂ ಹೊಲ ಸೇರಿತು. ಇನ್ನು ಅದನ್ನು ತಗ್ಗಿಸುವುದು ವರ್ಷಗಳ ಕೆಲಸ.

ಹುಲ್ಲಿನ ಬೇರಿನೊಳಗಿನ ಮೈಕೊರೈಜಾ ಗಂಟು ಕಟ್ಟುವುದೇ ಇಲ್ಲ. ಬರಿಗಣ್ಣಿಗೆ ಬೇರು ಮಾಮೂಲಿಯಾಗಿಯೇ ಕಾಣುತ್ತದೆ. ಹಿಡಿದಿದೆಯೋ ಇಲ್ಲವೋ ತಿಳಿಯಬೇಕೆಂದರೆ ಎಳೆ ಬೇರನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿ ಬಣ್ಣ ತೆಗೆದು, ತೊಳೆದು, ಶೇ. 5ರಷ್ಟು ಶಾಯಿ ಬೆರೆಸಿದ ವಿನೆಗರ್‌ನಲ್ಲಿ 3 ನಿಮಿಷ ಕುದಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಕ್ಷಾರ ಚರ್ಮ ಸುಡುತ್ತದೆ, ಕೈಗವಸು ಮರೆಯಬೇಡಿ. ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದ ಎಳೆಗಳು ಕಂಡರೆ ಅದೇ ಮೈಕೊರೈಜಾ.

ಕಾಡುಹುಲ್ಲಿನದೇ ಬೇಕೆಂದರೆ ಮೊದಲು ಕುಂಡದಲ್ಲಿ ಬೆಳೆಸಿ. ಮರಳು, ಮಣ್ಣು ಸಮಸಮ ಬೆರೆಸಿ, ತೇವ ಮಾಡಿ, ಎರಡು ದಿನ ಒಂದೊಂದು ಗಂಟೆ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಕಿಲೋಗೆ 100 ಗ್ರಾಂ ಹುಲ್ಲಿನ ಬುಡದ ಮಣ್ಣನ್ನು ಎಳೆ ಬೇರಿನ ಸಮೇತ ಸೇರಿಸಿ ಜೋಳ ಬಿತ್ತಿ. ಹುಲ್ಲು ಆರಿಸುವಾಗ ದಂಟನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಏಣು ತಾಗಿದರೆ ಅದು ಹುಲ್ಲಲ್ಲ, ಜೇಕು; ಅದರ ಬೇರಲ್ಲಿ ಈ ಶಿಲೀಂಧ್ರ ಸಾಮಾನ್ಯವಾಗಿ ಕಡಿಮೆ. ರಂಜಕವಿರುವ ಡಿಎಪಿ ಗೊಬ್ಬರ ಬೇಡವೇ ಬೇಡ: ರಂಜಕ ಧಾರಾಳವಾಗಿ ಸಿಕ್ಕ ಗಿಡ ಶಿಲೀಂಧ್ರವನ್ನು ಸಾಕುವುದಿಲ್ಲ. ನಾಲ್ಕು ತಿಂಗಳಿಗೆ ನೀರು ನಿಲ್ಲಿಸಿ, 10–15 ದಿನ ಒಣಗಿಸಿ, ದಂಟು ಕೊಯ್ದು, ಬೇರನ್ನು 1 ಸೆಂ.ಮೀ. ತುಂಡು ಮಾಡಿ ಆ ಮಣ್ಣಿಗೇ ಬೆರೆಸಿ.

ಇಷ್ಟಾದರೂ ನಂಬಬೇಡಿ, ಜಂತುಹುಳು ಜೋಳದ ಬೇರಲ್ಲೂ ಬದುಕಬಲ್ಲದು. ಒಂದು ಲೋಟ ಮಿಶ್ರಣದಲ್ಲಿ ನಾಲ್ಕು ಟೊಮೆಟೊ ಬೀಜ ಹಾಕಿ, ಐದು ವಾರದ ಮೇಲೆ ಬೇರನ್ನು ನೀರಲ್ಲಿ ಅಲುಗಿಸಿ ತೊಳೆದು ನೋಡಿ. ಜಂತುಹುಳು ನಿರೋಧಕ ತಳಿಯ ಬೀಜ ಹಾಕಿದರೆ ಹುಳು ಇದ್ದರೂ ಗಂಟು ಕಾಣದೆ ಮೋಸ ಹೋಗುತ್ತೀರಿ. ಒಂದೇ ಒಂದು ಗಂಟು ಕಂಡರೂ ಅಷ್ಟೂ ಮಣ್ಣನ್ನು ಬೇಯಿಸಿ ಎಸೆಯಿರಿ.

ಸ್ವಚ್ಛವಿದ್ದರೆ ಬೀಜದ 2–3 ಸೆಂ.ಮೀ. ಕೆಳಗೆ ಈ ಮಿಶ್ರಣ 5–10 ಗ್ರಾಂ ಹಾಕಿ; ಮೇಲೆ ಚೆಲ್ಲಿದ್ದು ಬೇರಿಗೆ ತಾಗದು. ಎಲೆಕೋಸು, ಮೂಲಂಗಿ, ಪಾಲಕ್‌ಗೆ ಹಾಕುವುದು ದಂಡ, ಅವು ಇದನ್ನು ಬೇರಿನೊಳಕ್ಕೆ ಬಿಟ್ಟುಕೊಳ್ಳುವುದೇ ಇಲ್ಲ.