ಮೊಬೈಲ್ ಕಿತ್ತುಕೊಂಡು ಹೋದರೆ ‘ಇ-ಲಾಸ್ಟ್’ ಹಾಕಿ ಸುಮ್ಮನಾಗಬೇಡಿ

ಮೊಬೈಲನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ, ಠಾಣೆಯಲ್ಲಿ ‘ಇ-ಲಾಸ್ಟ್ ಹಾಕಿಬಿಡಿ’ (ಅಂದರೆ ವಸ್ತು ಕಳೆದುಹೋಗಿದೆ ಎಂದು ಪೊಲೀಸರಿಗೆ ಆನ್‌ಲೈನಿನಲ್ಲಿ ತಿಳಿಸಿ ರಸೀದಿ ತಗೊಳ್ಳಿ) ಅಂದರೆ ಒಪ್ಪಬೇಡಿ, ಎಫ್‌ಐಆರ್ ಮಾಡಿ ಅನ್ನಿ. ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಇರುವವರು ಮುಂದೆ ಓದಿ.

ನನ್ನ ತಮ್ಮ ರಾತ್ರಿ ಕೆಲಸ ಮುಗಿಸಿ ರಿಂಗ್ ರೋಡಿನ ಬಸ್ ಸ್ಟಾಪಿನಲ್ಲಿ ಆಟೋ ಬುಕ್ ಮಾಡುತ್ತಿದ್ದ. ಸ್ಕೂಟರಿನಲ್ಲಿ ಬಂದ ಇಬ್ಬರು ಕೈಯಲ್ಲಿದ್ದ ಫೋನ್ ಕಿತ್ತುಕೊಂಡು ಹೋದರು. ಎಳೆದ ರಭಸಕ್ಕೆ ಹೆಬ್ಬೆರಳು ಉಳುಕಿತ್ತು. ನಾನೂ ತಮ್ಮನೂ ಅವತ್ತೇ ಠಾಣೆಗೆ ಹೋದೆವು. ಯಾವ ಠಾಣೆ ಅಂತ ಕೇಳಬೇಡಿ, ಬರೆಯುವುದಿಲ್ಲ. ಅಲ್ಲಿದ್ದ ರೈಟರ್, ಅಂದರೆ ದೂರು ಬರೆದುಕೊಳ್ಳುವ ಪೊಲೀಸರು, ಕೆಟ್ಟವರೇನಲ್ಲ. ಕೂರಿಸಿದರು, ನೀರು ಕೊಟ್ಟರು, ಆಮೇಲೆ ಮೆತ್ತಗೆ ಶುರು ಮಾಡಿದರು. “ಎಫ್‌ಐಆರ್ ಆದ್ರೆ ಸುಮ್ನೆ ಕೋರ್ಟಿಗೆ ಅಲೀಬೇಕಾಗುತ್ತೆ ಸರ್. ಫೋನ್ ಸಿಕ್ಕಿದ್ರೂ ಕೋರ್ಟಿಂದಾನೇ ಬಿಡಿಸ್ಕೋಬೇಕು. ಇ-ಲಾಸ್ಟ್ ಹಾಕಿ, ಎರಡು ನಿಮಿಷದ ಕೆಲಸ. ಸಿಮ್ಮೂ ಸಿಗುತ್ತೆ, ಫೋನೂ ಬ್ಲಾಕ್ ಆಗುತ್ತೆ.”

ನಾವೂ ಒಪ್ಪಿ ಹಾಕಿದೆವು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಇ-ಲಾಸ್ಟ್ ರಸೀದಿ ತೋರಿಸಿದರೆ ಡೂಪ್ಲಿಕೇಟ್ ಸಿಮ್ ಕೊಡುತ್ತಾರೆ. ಕಳೆದ, ಕದ್ದ ಫೋನ್ ಬ್ಲಾಕ್ ಮಾಡಿಸಲು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್ ಇದೆ, ಅಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಹಾಕಿ ಫೋನ್ ಬ್ಲಾಕ್ ಮಾಡಿಸಲೂ ಆಗುತ್ತದೆ. ಆದರೆ ಇ-ಲಾಸ್ಟ್ ಇರುವುದು ಬಸ್ಸಿನಲ್ಲಿ ಮಾರ್ಕ್ಸ್ ಕಾರ್ಡ್ ಬಿಟ್ಟು ಇಳಿದವರಿಗೆ, ಪರ್ಸ್ ಎಲ್ಲೋ ಬೀಳಿಸಿಕೊಂಡವರಿಗೆ. ಅದರಲ್ಲಿ ಕಳ್ಳನೇ ಇರುವುದಿಲ್ಲ. ಕಳ್ಳನೇ ಇಲ್ಲದ ಮೇಲೆ ತನಿಖೆ ಯಾರು ಮಾಡುತ್ತಾರೆ? ಬಸ್ ಸ್ಟಾಪಿನ ಎದುರು ಬೇಕರಿಯಲ್ಲಿ ಸಿಸಿಟಿವಿ ಇತ್ತು. ಪೊಲೀಸರು ಯಾರೂ ಹೋಗಿ ಕೇಳಲಿಲ್ಲ. ನಾವೇ ಹೋಗಿ ಕೇಳುವ ಹೊತ್ತಿಗೆ ಹಳೇ ರೆಕಾರ್ಡಿಂಗ್ ಅಳಿಸಿಹೋಗಿತ್ತು.

ಆಮೇಲೆ ಇನ್ಶೂರೆನ್ಸ್‌ನವರ ಸರದಿ. ಪಾಲಿಸಿ ಇರುವುದು ಕಳ್ಳತನಕ್ಕೆ, ಕಳೆದುಕೊಂಡರೆ ದುಡ್ಡು ಬರುವುದಿಲ್ಲ, ಎಫ್‌ಐಆರ್ ತನ್ನಿ ಅಂದರು. ಮತ್ತೆ ಠಾಣೆಗೆ ಹೋದೆವು. ಆಗ ಕೂತಿದ್ದವರು ಬೇರೆಯವರು. ರಸೀದಿಯನ್ನು ನಮ್ಮ ಕಡೆಗೇ ತಿರುಗಿಸಿ, “ಕಳೆದುಹೋಗಿದೆ ಅಂತ ನೀವೇ ಕೊಟ್ಟಿದ್ದೀರಲ್ಲ ಸ್ವಾಮಿ, ಈಗ ಕಿತ್ಕೊಂಡು ಹೋದ್ರು ಅಂದ್ರೆ ಹೇಗೆ?” ಎಂದರು. ತಮ್ಮನ ಮುಖ ನೋಡಬೇಕಿತ್ತು.

ಕಾನೂನು ಮಾತ್ರ ನಮ್ಮ ಕಡೆಗೇ ಇದೆ. ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧ ನಡೆದಿದೆ ಎಂದು ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಮಾಡಲೇಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲೇ ಹೀಗೆಂದು ಹೇಳಿದೆ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಪ್ರಕಾರ ಕಿತ್ತುಕೊಂಡು ಹೋಗುವುದೇ ಒಂದು ಅಪರಾಧ, 3 ವರ್ಷದವರೆಗೆ ಜೈಲು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕಳಿಸಿ 3 ದಿನದೊಳಗೆ ಹೋಗಿ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿ ಉಚಿತ.

ಹಾಗಂತ ಹೊಸ ಕಾನೂನು ಪೂರ್ತಿ ಒಳ್ಳೆಯದೇ ಅನ್ನಲಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3) ಓದಿ ನೋಡಿ. 3 ವರ್ಷ ಅಥವಾ ಅದಕ್ಕಿಂತ ಜಾಸ್ತಿ, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಎಫ್‌ಐಆರ್‌ಗೂ ಮೊದಲು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮೊಬೈಲ್ ಕಿತ್ತುಕೊಳ್ಳುವುದು ಸರಿಯಾಗಿ ಆ 3 ವರ್ಷದ ಗೆರೆಯ ಮೇಲೇ ಬಂದು ಕೂರುತ್ತದೆ. ಬಾಗಿಲು ತೆಗೆದವರೇ ಒಳಗಿನ ಚಿಲಕವನ್ನೂ ಇಟ್ಟುಕೊಂಡ ಹಾಗೆ. ಆದರೆ ಇದನ್ನು ಠಾಣೆಯವರು ತಮಗೆ ತಾವೇ ತೀರ್ಮಾನ ಮಾಡುವ ಹಾಗಿಲ್ಲ. ಡಿವೈಎಸ್‌ಪಿ ದರ್ಜೆಯವರ ಅನುಮತಿ ಮೊದಲೇ ಬೇಕು, ಪೊಲೀಸ್ ಕಮಿಷನರ್ ಇರುವ ನಮ್ಮಂಥ ಊರಲ್ಲಿ ಅಂದರೆ ಎಸಿಪಿ. “ಎಸಿಪಿ ಅನುಮತಿ ಆಗಿದೆಯಾ ಸರ್?” ಎಂದು ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಎನ್‌ಸಿಆರ್ ಕೊಡುತ್ತೇವೆ ಅಂದರೂ ಬೇಡ ಅನ್ನಿ. ಅದು ಮ್ಯಾಜಿಸ್ಟ್ರೇಟ್ ಹೇಳದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲದ ಸಣ್ಣಪುಟ್ಟ ಪ್ರಕರಣಗಳಿಗೆ. ಕೋರ್ಟಿಂದ ಬಿಡಿಸಿಕೊಳ್ಳುವ ಹೆದರಿಕೆಯೂ ಈಗ ಅಷ್ಟು ಬೇಕಿಲ್ಲ. ಸಿಕ್ಕಿದ ಮಾಲು ಕೋರ್ಟಿಗೆ ಬಂದ 14 ದಿನದೊಳಗೆ ಅದರ ವಿವರ ಬರೆದು ಫೋಟೋ ತೆಗೆಸಬೇಕು, ಅಲ್ಲಿಂದ 30 ದಿನದೊಳಗೆ ಯಾರಿಗೆ ಕೊಡಬೇಕೆಂದು ಆದೇಶ ಮಾಡಬೇಕು ಅನ್ನುತ್ತದೆ ಅದೇ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್.

ಠಾಣೆಯವರು ಯಾಕೆ ಹೀಗೆ ಮಾಡುತ್ತಾರೆ? ನನಗನಿಸುವುದು ಇಷ್ಟೇ. ಎಫ್‌ಐಆರ್ ಆದರೆ ಠಾಣೆಯ ಕ್ರೈಂ ಲೆಕ್ಕ ಏರುತ್ತದೆ, ಪತ್ತೆಯಾಗದ ಕೇಸು ಮೇಲಿನವರ ಕಣ್ಣಿಗೆ ಬೀಳುತ್ತದೆ. ಇ-ಲಾಸ್ಟಿಗೆ ಆ ಕಾಟವಿಲ್ಲ. ಕೇಸು ಕಡಿಮೆ ಇರುವ ಠಾಣೆಯನ್ನೇ ಒಳ್ಳೆಯ ಠಾಣೆ ಅನ್ನುವ ತನಕ ರೈಟರೊಬ್ಬರನ್ನು ಬೈದು ಏನು ಪ್ರಯೋಜನ?

ಕೊನೆಗೆ ನಾವು ನಡೆದದ್ದನ್ನೆಲ್ಲ ಬಿಳಿ ಹಾಳೆಯಲ್ಲಿ ಬರೆದೆವು. ಹೊತ್ತು, ಜಾಗ, ಸ್ಕೂಟರಿನ ಬಣ್ಣ, ಬೇಕರಿ, ಮೊದಲು ಇ-ಲಾಸ್ಟ್ ಹಾಕಿಸಿದ್ದು, ಅದಕ್ಕೇ ತಡವಾಗಿದ್ದು, ಎಲ್ಲವೂ. ಎರಡು ಪ್ರತಿ ಮಾಡಿ ಒಂದಕ್ಕೆ ಠಾಣೆಯ ಸೀಲು ಹಾಕಿಸಿಕೊಂಡೆವು. ಆಗಲೂ ಎಫ್‌ಐಆರ್ ಮಾಡದಿದ್ದಾಗ ಠಾಣೆಯವರು ಎಫ್‌ಐಆರ್ ಮಾಡದಿದ್ದರೆ ಮೇಲಿನ ಅಧಿಕಾರಿಗೆ ಬರೆಯಲು ಸುರಕ್ಷಾ ಸಂಹಿತೆಯಲ್ಲಿರುವ 173(4)ನ್ನು ನಮೂದಿಸಿ ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆವು. ಸ್ವಲ್ಪ ದಿನಕ್ಕೆ ಠಾಣೆಯಿಂದಲೇ ಫೋನ್ ಬಂತು, ಎಫ್‌ಐಆರ್ ಆಯಿತು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅಫಿಡವಿಟ್ ಜೊತೆ ಅರ್ಜಿ ಹಾಕಬಹುದು. ಇನ್ನೊಂದು ವಿಷಯ, ಘಟನೆ ಆದ ಕೂಡಲೇ ಯಾರ ಫೋನಾದರೂ ಇಸಿದುಕೊಂಡು 112ಕ್ಕೆ ಕರೆ ಮಾಡಿ. ಕಿತ್ತುಕೊಂಡು ಹೋದರು ಎಂದು ನೀವು ಆಗಲೇ ಹೇಳಿದ್ದಕ್ಕೆ ಅದೊಂದು ದಾಖಲೆ.

ಫೋನ್ ಸಿಕ್ಕಿಲ್ಲ. ರಸೀದಿಗೂ ಎಫ್‌ಐಆರ್‌ಗೂ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ ಅಂತ ಇನ್ಶೂರೆನ್ಸ್‌ನವರು ಕೇಳಿದ್ದಾರೆ. ಕಳ್ಳರು ಸಿಗದಿದ್ದರೆ ಪೊಲೀಸರು ‘ಸಿ ರಿಪೋರ್ಟ್’ ಹಾಕಿ ಕೇಸು ಮುಗಿಸುತ್ತಾರೆ. ಅದನ್ನು ಒಪ್ಪುವ ಮೊದಲು ಕೋರ್ಟು ದೂರುದಾರರ ಮಾತು ಕೇಳಬೇಕು ಅಂತ 1985ರ ಸುಪ್ರೀಂ ಕೋರ್ಟ್ ತೀರ್ಪಿದೆ. ಬಾಡಿಗೆ ಮನೆಯಲ್ಲಿರುವವರು ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ಠಾಣೆಗೆ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮಾತು ಕೇಳಲು ಕರೆಯುವ ನೋಟಿಸು ಹಳೇ ಓನರ್ ಮನೆಗೆ ಹೋಗುತ್ತದೆ.