ಅರ್ಧ ಅಂಗುಲದ ಟಾರ್ಕ್ ರೆಂಚ್: ಆರು ವರ್ಷ ಬಳಸಿದ ಮೇಲೆ

ಎಂಜಿನ್ ಆಯಿಲ್ ಬದಲಿಸಿ, ಹಳೆ ಆಯಿಲ್ ಹೊರಬಿಡುವ ತೂತಿನ ಡ್ರೈನ್ ಬೋಲ್ಟ್ ಬಿಗಿ ಮಾಡುತ್ತಿದ್ದೆ. ಸಾಕು ಎಂದು ಕೈ ಹೇಳಿತು. ಎಲ್ಲಿ ಸೋರಿಬಿಡುತ್ತದೋ ಎಂಬ ಭಯಕ್ಕೆ ಪಾನಾವನ್ನು ಇನ್ನೊಂದಿಷ್ಟು ಎಳೆದೆ. ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಬೋಲ್ಟ್ ಒದ್ದೆ ಮಣ್ಣಿನಲ್ಲಿ ತಿರುಗಿದಂತೆ ಸಲೀಸಾಗಿ ತಿರುಗಿತು. ಹೊರಗೆ ತೆಗೆದು ನೋಡಿದರೆ ಅದರ ಸುತ್ತ ಅಲ್ಯೂಮಿನಿಯಂ ಸುರುಳಿ ಮೆತ್ತಿಕೊಂಡಿತ್ತು. ಆಯಿಲ್ ಪ್ಯಾನಿನ ಒಳಗಿನ ಥ್ರೆಡ್ಡೇ ಕಿತ್ತು ಬಂದಿತ್ತು. ಆಮೇಲೆ ಕೈಪಿಡಿ ತೆರೆದೆ: ಬಿಗಿ ಮಾಡುವ ತಿರುಚು ಬಲ, ಅಂದರೆ ಟಾರ್ಕ್, 30 ನ್ಯೂಟನ್ ಮೀಟರ್ ಎಂದು ಸ್ಪಷ್ಟವಾಗಿ ಬರೆದಿತ್ತು. ಮರುವಾರವೇ ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟು ಬಿಗಿಯಾದೊಡನೆ ತಿಳಿಸುವ ಪಾನಾ, ಕೊಂಡೆ.

ಕೊಂಡದ್ದು ಅರ್ಧ ಅಂಗುಲದ ಚೌಕ ತಲೆಯ, 40ರಿಂದ 200 ನ್ಯೂಟನ್ ಮೀಟರ್‌ವರೆಗಿನ ಕ್ಲಿಕ್ ಮಾದರಿ. ಆ ಎರಡು ಸಂಖ್ಯೆಗಳನ್ನು ಸರಿಯಾಗಿ ಓದಿದ್ದರೆ ಆಗಲೇ ತಿಳಿಯಬೇಕಿತ್ತು: ಯಾವ ಬೋಲ್ಟಿನ ಸಲುವಾಗಿ ಕೊಂಡೆನೋ ಆ ಬೋಲ್ಟಿಗೇ ಇದು ಬರುವುದಿಲ್ಲ. 30 ಎಂಬುದು ಇದರ ಅಳತೆಗೋಲಿನಲ್ಲೇ ಇಲ್ಲ. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ನೀವು ಹೆಚ್ಚಾಗಿ ಮುಟ್ಟುವ ಬೋಲ್ಟುಗಳ ಟಾರ್ಕ್ ಎಷ್ಟೆಂದು ಕೈಪಿಡಿಯಿಂದ ಬರೆದಿಟ್ಟುಕೊಂಡು ಆಮೇಲೆ ಉಪಕರಣ ಆರಿಸಿ. ಸ್ಪಾರ್ಕ್ ಪ್ಲಗ್, ಡ್ರೈನ್ ಬೋಲ್ಟ್, ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ ಬೋಲ್ಟ್ ಇವೆಲ್ಲ ಸಾಮಾನ್ಯವಾಗಿ 20ರಿಂದ 40ರ ಆಸುಪಾಸಿನವು. ಅವಕ್ಕೆ ಮುಂದೆ ಚಿಕ್ಕದೊಂದನ್ನು ಬೇರೆ ಕೊಂಡೆ. ಈ ದೊಡ್ಡದು ಚಕ್ರಗಳಿಗೆ, ಕ್ಯಾಲಿಪರ್ ಬ್ರಾಕೆಟ್ಟಿಗೆ, ಸಸ್ಪೆನ್ಷನ್ ಬೋಲ್ಟುಗಳಿಗೆ ಮೀಸಲಾಯಿತು. ಆ ಕೆಲಸಗಳಲ್ಲಿ ಇದು ಬಂಗಾರದಂಥ ಉಪಕರಣ.

ಹಿಡಿಯ ಒಳಗೆ ಇರುವುದು ಒಂದು ಸ್ಪ್ರಿಂಗ್. ಹಿಡಿ ತಿರುಗಿಸಿ ಸಂಖ್ಯೆ ಏರಿಸಿದಷ್ಟೂ ಅದು ಒತ್ತಿಕೊಳ್ಳುತ್ತದೆ. ಬೋಲ್ಟ್ ಆ ಮಟ್ಟಕ್ಕೆ ಬಿಗಿಯಾದೊಡನೆ ಒಳಗಿನ ಪುಟ್ಟ ಲೋಹದ ತುಂಡು ವಾಲಿ ಕೊಳವೆಯ ಗೋಡೆಗೆ ಬಡಿಯುತ್ತದೆ, ಕ್ಲಿಕ್ ಎನ್ನುತ್ತದೆ. ಇದು ಎಚ್ಚರಿಕೆ ಮಾತ್ರ, ತಡೆ ಅಲ್ಲ. ಸದ್ದಾದ ಮೇಲೂ ಎಳೆದರೆ ಬೋಲ್ಟ್ ಬಿಗಿಯಾಗುತ್ತಲೇ ಹೋಗುತ್ತದೆ. 110ಕ್ಕೆ ಇಟ್ಟಾಗ ಆ ಸದ್ದು ಅಂಗೈಗೆ ತಟ್ಟುತ್ತದೆ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. 45ಕ್ಕೆ ಇಟ್ಟಾಗ ಮಾತ್ರ ಬೆರಳು ಮುರಿದಷ್ಟು ಸಣ್ಣ ಸದ್ದು. ಕಾರಿನಡಿ ಮಲಗಿ, ಪಕ್ಕದಲ್ಲಿ ಏನಾದರೂ ಓಡುತ್ತಿದ್ದರೆ ಕೇಳುವುದೇ ಇಲ್ಲ. ಹಾಗಾಗಿ ಅಳತೆಗೋಲಿನ ಕೆಳತುದಿಯನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ.

ಅತಿ ಹೆಚ್ಚು ಕೆಲಸ ಕೊಟ್ಟದ್ದು ಚಕ್ರಗಳಿಗೆ. ನನ್ನ ಕಾರಿಗೆ 110 ನ್ಯೂಟನ್ ಮೀಟರ್. ಜ್ಯಾಕ್ ಮೇಲಿರುವಾಗ ಬೋಲ್ಟುಗಳನ್ನು ಕೈಯಿಂದ ಕೂರಿಸಿ, ಎದುರುಬದುರಾಗಿ ನಕ್ಷತ್ರದ ಕ್ರಮದಲ್ಲಿ ಅರ್ಧ ಬಿಗಿ ಮಾಡುತ್ತೇನೆ. ಕಾರನ್ನು ಕೆಳಗಿಳಿಸಿದ ಮೇಲೆ ಅದೇ ಕ್ರಮದಲ್ಲಿ ಕ್ಲಿಕ್ ಬರುವವರೆಗೆ. ಹಿಡಿಯ ನಡುವೆ ಗುರುತಿರುವಲ್ಲೇ ಕೈ ಇರಬೇಕು. ಎಳೆತ ನಿಧಾನವಾಗಿ, ಒಂದೇ ಸಮನೆ ಇರಬೇಕು. ಜರ್ಕು ಹೊಡೆದರೆ ಸಂಖ್ಯೆ ಸುಳ್ಳಾಗುತ್ತದೆ. ಅಲಾಯ್ ಚಕ್ರ ಹಾಕಿಸಿದ ಹೊಸತರಲ್ಲಿ ಸುಮಾರು 80 ಕಿಲೋಮೀಟರ್ ಓಡಿಸಿ ಮತ್ತೆ ಪರೀಕ್ಷಿಸಿದೆ. ಒಂದು ಚಕ್ರದಲ್ಲಿ ಎರಡು ಬೋಲ್ಟುಗಳು ಕ್ಲಿಕ್ ಆಗುವ ಮೊದಲು ಕಾಣುವಷ್ಟು ತಿರುಗಿದವು. ಆ ಕ್ಷಣ ಮೈ ಜುಮ್ಮೆಂದಿತು. ಚಕ್ರ ಬದಲಿಸಿದವರು ಈ ಮರುಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ. ಬೋಲ್ಟಿನ ಕುತ್ತಿಗೆ ಶಂಕುವಿನಾಕಾರದ್ದೋ ಗೋಳಾಕಾರದ್ದೋ ಎಂಬುದೂ ಚಕ್ರಕ್ಕೆ ಹೊಂದಬೇಕು. ಅದು ಹೊಂದದಿದ್ದರೆ ಟಾರ್ಕ್ ಎಷ್ಟು ನಿಖರವಾಗಿದ್ದರೂ ವ್ಯರ್ಥ.

ಬಹಳ ಜನ ಎಡವುವುದು ಗ್ರೀಸಿನ ವಿಷಯದಲ್ಲಿ. ನಾವು ಹಾಕುವ ತಿರುಚು ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ ಬೋಲ್ಟನ್ನು ಎಳೆದು ಹಿಡಿಯುವ ಕೆಲಸಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಥ್ರೆಡ್ಡಿನ ಮತ್ತು ತಲೆಯಡಿಯ ಘರ್ಷಣೆಗೆ ಖರ್ಚು. ಒಣ ಥ್ರೆಡ್ಡಿಗೆಂದು ಕೊಟ್ಟ ಸಂಖ್ಯೆಯನ್ನು ಗ್ರೀಸ್ ಸವರಿದ ಬೋಲ್ಟಿಗೆ ಹಾಕಿದರೆ ಕ್ಲಿಕ್ ಅದೇ ಸಂಖ್ಯೆಗೆ ಬರುತ್ತದೆ, ಬೋಲ್ಟ್ ಮಾತ್ರ ಮಿತಿ ಮೀರಿ ಹಿಗ್ಗಿರುತ್ತದೆ. ಕೈಪಿಡಿ ಹೇಳದ ಕಡೆ ನಾನು ಗ್ರೀಸ್ ಮುಟ್ಟಿಸುವುದಿಲ್ಲ. ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಸಾಕು. ಅದೇ ರೀತಿ, ಈಗಾಗಲೇ ಬಿಗಿಯಾಗಿರುವ ಬೋಲ್ಟಿಗೆ ರೆಂಚ್ ಹಾಕಿದಾಗ ಕ್ಲಿಕ್ ಬಂದರೆ ‘ಕಡಿಮೆ ಇಲ್ಲ’ ಎಂದಷ್ಟೇ ಅರ್ಥ. ಹೆಚ್ಚಾಗಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಅನುಮಾನವಿದ್ದರೆ ಸಡಿಲಿಸಿ ಮತ್ತೆ ಬಿಗಿ ಮಾಡುವುದೇ ದಾರಿ. ಸಡಿಲಿಸುವುದಕ್ಕೆ ಮಾತ್ರ ಬೇರೆ ಉದ್ದನೆಯ ಹಿಡಿ ಇರಲಿ, ಟಾರ್ಕ್ ರೆಂಚನ್ನು ಆ ಕೆಲಸಕ್ಕೆ ಎಳೆಯಬೇಡಿ.

ಇನ್ನು ದೂರುಗಳು. ಹಿಡಿಯ ಮೇಲೆ ಕೊರೆದ ಅಂಕಿಗಳಿಗೆ ತುಂಬಿದ ಬಣ್ಣ ಎರಡನೆಯ ವರ್ಷಕ್ಕೇ ಅಳಿಸಿತು. ಬಿಳಿ ಬಣ್ಣ ಸವರಿ, ಮೇಲ್ಮೈ ಒರೆಸಿ ಮತ್ತೆ ಕಾಣುವಂತೆ ಮಾಡಿಕೊಂಡೆ. ನಾಲ್ಕನೆಯ ವರ್ಷ ತುದಿಯ ಲಾಕ್ ತಿರುಪು ಸಡಿಲವಾಯಿತು. ಇದು ಸಣ್ಣ ಸಂಗತಿಯಲ್ಲ: ಬಿಗಿ ಮಾಡುವ ನಡುವೆ ಹಿಡಿ ತಾನಾಗಿ ಒಂದೆರಡು ಗೆರೆ ಸರಿದುಬಿಡುತ್ತಿತ್ತು. ಈಗ ಪ್ರತಿ ಬೋಲ್ಟಿನ ಮೊದಲೂ ಸಂಖ್ಯೆ ನೋಡುವುದು ರೂಢಿಯಾಗಿದೆ, ಆದರೆ ತಯಾರಕರು ಇಲ್ಲಿ ಕೈ ಬಿಗಿ ಹಿಡಿಯಬಾರದಿತ್ತು. ರಾಟ್ಚೆಟ್ ತಲೆ ಚೆನ್ನಾಗಿದೆ. ಪೆಟ್ಟಿಗೆಯ ಕೊಕ್ಕೆ ಮುರಿದಿದೆ.

ನಿಖರತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಟಾರ್ಕ್ ರೆಂಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6789ರ ಪ್ರಕಾರ ಇಂಥ ರೆಂಚಿಗೆ ಶೇ. 4ರಷ್ಟು ಆಚೀಚೆ ಒಪ್ಪಿತ. ವರ್ಷಕ್ಕೊಮ್ಮೆ ಅಥವಾ 5,000 ಬಾರಿ ಬಳಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಅಳತೆ ಪರೀಕ್ಷಿಸಿ ಸರಿಪಡಿಸುವುದು, ಮಾಡಿಸುವುದು ರೂಢಿ. ಮನೆಯಲ್ಲಿ ಅಂದಾಜು ನೋಡಲು ನಾನು ಹೀಗೆ ಮಾಡುತ್ತೇನೆ. ರೆಂಚಿನ ಚೌಕ ತಲೆಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ಇರಿಸಿ, ಸಂಖ್ಯೆಯನ್ನು 80ಕ್ಕೆ ಇಟ್ಟು ಐದಾರು ಬಾರಿ ಕ್ಲಿಕ್ ಮಾಡಿಸುತ್ತೇನೆ. ಆಮೇಲೆ ತಲೆಯ ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿ ಬಕೆಟ್ ತೂಗುಹಾಕಿ, ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಸುರಿಯುತ್ತಾ ಹೋಗುವುದು. ಕ್ಲಿಕ್ ಎಂದೊಡನೆ ನಿಲ್ಲಿಸಿ ಬಕೆಟ್ ತೂಗುವುದು. ಮೂರನೆಯ ವರ್ಷ 20 ಕಿಲೋಗೆ ಕ್ಲಿಕ್ ಬಂದಿತ್ತು: ಬಕೆಟ್ಟಿನಿಂದ ಸುಮಾರು 78.5 ನ್ಯೂಟನ್ ಮೀಟರ್, ರೆಂಚಿನ ಸ್ವಂತ ತೂಕದಿಂದ ಇನ್ನೊಂದು ಎರಡೂವರೆ. ಒಟ್ಟು 81, ನೆಮ್ಮದಿ. ಈ ವರ್ಷ 18.8 ಕಿಲೋಗೇ ಕ್ಲಿಕ್ ಬಂತು. ಮೂರು ಸಲ ಮಾಡಿದರೂ ಅಷ್ಟೇ. ಲೆಕ್ಕ 76ರ ಆಸುಪಾಸಿಗೆ ನಿಲ್ಲುತ್ತದೆ, ಅಂದರೆ ಶೇ. 4ರ ಗೆರೆಯಿಂದ ಆಚೆ. ಸ್ಪ್ರಿಂಗ್ ಸೊರಗಿದೆ. ಬೇಗ ಕ್ಲಿಕ್ ಆಗುವ ರೆಂಚ್ ಎಂದರೆ ಸಡಿಲ ಚಕ್ರ, ಹಾಗಾಗಿ ತಡ ಮಾಡದೆ ಕ್ಯಾಲಿಬ್ರೇಷನ್ನಿಗೆ ಕಳುಹಿಸಿದೆ. ಸರಿಯಾಗಿ ಬಂದಿದೆ.

ಸ್ಪ್ರಿಂಗ್ ಹೀಗೆ ಸೊರಗಲು ಕಾರಣ ನನಗೆ ಗೊತ್ತು. ಬಳಸಿದ ಮೇಲೆ ಹಿಡಿಯನ್ನು ಕನಿಷ್ಠ ಸಂಖ್ಯೆಗೆ, ಅಂದರೆ 40ಕ್ಕೆ, ಇಳಿಸಿಡಬೇಕು. ಅದಕ್ಕಿಂತ ಕೆಳಗೂ ಬಿಚ್ಚಬಾರದು. ಕಳೆದ ಮಳೆಗಾಲವಿಡೀ ಅದು 110ರಲ್ಲೇ ಪೆಟ್ಟಿಗೆಯೊಳಗೆ ಬಿದ್ದಿತ್ತು.

ರೆಂಚ್ ಹೇಳಲಾರದ ಸಂಗತಿಗಳೂ ಇವೆ. ಸಸ್ಪೆನ್ಷನ್ ತೋಳಿನ ರಬ್ಬರ್ ಬುಷ್ ಬೋಲ್ಟನ್ನು ಕಾರು ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿ ಮಾಡಿದರೆ, ಕೆಳಗಿಳಿಸಿದೊಡನೆ ರಬ್ಬರ್ ಶಾಶ್ವತವಾಗಿ ತಿರುಚಿಕೊಂಡು ಕೂರುತ್ತದೆ, ಬೇಗನೆ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ.

ಮತ್ತೆ ಕೊಳ್ಳುತ್ತೇನೆಯೇ ಎಂದು ಕೇಳಿದರೆ, ಹೌದು, ಇದೇ ಅಳತೆಯದ್ದನ್ನು. ಲಾಕ್ ಮಾತ್ರ ಗಟ್ಟಿಯಾಗಿರುವುದನ್ನು ನೋಡಿ ಕೊಳ್ಳುತ್ತೇನೆ. ಮುಂದಿನ ತಿಂಗಳು ಮುಂಚಕ್ರದ ಬೇರಿಂಗ್ ಬದಲಿಸುವುದಿದೆ. ಚಕ್ರದ ನಡುವಿನ ದೊಡ್ಡ ಹಬ್ ನಟ್ಟಿಗೆ ಕೈಪಿಡಿ ಕೇಳುವುದು 245, ನನ್ನ ರೆಂಚ್ 200ಕ್ಕೆ ಮುಗಿಯುತ್ತದೆ. ಆ ಒಂದು ನಟ್ಟಿಗೆ ಗೆಳೆಯನ ಮುಕ್ಕಾಲು ಅಂಗುಲದ್ದನ್ನು ಕೇಳಿಟ್ಟಿದ್ದೇನೆ.